ಗುರುಬಸಮ್ಮನ ಮನೆಯ ಕೆಂಪು ಸೀಗಡಿ

ಗಡಿಯೂರು ಬಾವಲಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇದು ನಡೆದದ್ದೇ ಅನ್ನುತ್ತಾರೆ. ಸೇತುವೆಯ ಈಚೆ ಮಲಯಾಳದಲ್ಲಿ ಹೇಳುತ್ತಾರೆ, ಆಚೆ ಕನ್ನಡದಲ್ಲಿ ಹೇಳುತ್ತಾರೆ, ನಡುವೆ ಚೆಕ್‌ಪೋಸ್ಟಿನ ಹತ್ತಿರ ಎರಡನ್ನೂ ಕಲಸಿ ಹೇಳುತ್ತಾರೆ. ಒಗ್ಗರಣೆ ಅವರವರ ಕೈಯಳತೆ. ಇಲ್ಲಿ ಸಾಸಿವೆ ಕಡಿಮೆ. ಸಿಡಿದರೆ ಸತ್ಯವೇ ಸಿಡಿಯಬೇಕು.

ಗುರುಬಸಮ್ಮನದು ಲಿಂಗ ಕಟ್ಟಿದವರ ಮನೆ. ಅವಳ ಮಾವನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಮೆಣಸಿನ ವ್ಯಾಪಾರಕ್ಕೆ ಬಂದವರು ಇಲ್ಲೇ ಬೇರುಬಿಟ್ಟರು. ಮಕ್ಕಳ ಶಾಲೆಯ ಭಾಷೆ ಬದಲಾಯಿತು, ಸರ್ಕಾರ ಬದಲಾಯಿತು, ಕೊನೆಗೆ ಜಿಲ್ಲೆಯೇ ಹೊಸದಾಯಿತು. ಒಲೆ ಮಾತ್ರ ಬದಲಾಗಲಿಲ್ಲ. ಬೆಳಿಗ್ಗೆ ಮೀನಿನ ಗಾಡಿ ಹಾರ್ನ್ ಹೊಡೆದರೆ ಬೀದಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು, ಈ ಮನೆಯದೊಂದು ಮುಚ್ಚುತ್ತಿತ್ತು.

ಅಂಥ ಮನೆಗೆ ಒಂದು ಸಂಜೆ ಅವಳ ಮಗ ಚೆಲುವರಾಜು ಕಂಕುಳಲ್ಲಿ ಒಂದು ಗಾಜಿನ ತೊಟ್ಟಿ, ಕೈಯಲ್ಲಿ ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಕವರು ಹಿಡಿದು ಜೀಪಿನಿಂದ ಇಳಿದ.

"ಏನ್ಲಾ ಅದು?" ಎಂದಳು ಗುರುಬಸಮ್ಮ, ಜಗಲಿಯ ಮೇಲಿಂದಲೇ.

"ನೀರು ಕನವ್ವ."

"ನೀರಿನೊಳಗೆ?"

"ನೀರಿನೊಳಗೆ ಒಸಿ ಪಾಚಿ."

"ಪಾಚಿಯೊಳಗೆ?"

ಚೆಲುವರಾಜು ಹುಟ್ಟಿದ್ದು ಜಿಲ್ಲೆ ಹುಟ್ಟಿದ ವರ್ಷವೇ. ಜಿಲ್ಲೆಗೆ ಒಬ್ಬ ಕಲೆಕ್ಟರ್ ಸಿಕ್ಕರೆ ಇವನಿಗೆ ಇಬ್ಬರು ಸಿಕ್ಕಿದ್ದರು, ಅವ್ವ ಮತ್ತು ಹೆಂಡತಿ. ಇಬ್ಬರ ಮುಂದೆಯೂ ಅವನಿಗೆ ಸುಳ್ಳು ಪೂರ್ತಿ ಹೇಳಲು ಬರುತ್ತಿರಲಿಲ್ಲ, ನಿಜ ಪೂರ್ತಿ ಹೇಳುವ ಧೈರ್ಯವೂ ಇರಲಿಲ್ಲ.

"ಸೀಗಡಿ," ಎಂದ. "ತಿನ್ನಕ್ಕಲ್ಲ ಕನವ್ವ. ನೋಡಕ್ಕೆ. ಅಪ್ಪ ನೋಡ್ಲಿ ಅಂತ."

ಗುರುಬಸಮ್ಮ ಎದ್ದು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮೀನಿನ ಗಾಡಿ ಇವತ್ತು ಸಂಜೆ ಬಂದಿದೆ ಅಂದುಕೊಂಡಿರಬೇಕು.

ಅಪ್ಪ ಅಂದರೆ ಕರಿಯಪ್ಪ. ಬಾಯಿ ಬಿಟ್ಟರೆ ಇಡೀ ಕೂಡುರಸ್ತೆ ನಗಬೇಕು, ಅಂಥ ಮಾತುಗಾರ. ಮೆಣಸು ತೂಗುತ್ತಾ ತೂಗುತ್ತಾ ಮಾರುವವನನ್ನೂ ಕೊಳ್ಳುವವನನ್ನೂ ಒಟ್ಟಿಗೆ ಆಡಿಕೊಳ್ಳುತ್ತಿದ್ದ. ಮಾಗಿಯಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದವನು ಬಚ್ಚಲಲ್ಲಿ ಬಿದ್ದ. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರಾ ಹೋಯಿತು. ಉಳಿದದ್ದು 'ಬಾ' ಎಂಬ ಒಂದೇ ಅಕ್ಷರ. ಬೈಯಲೂ ಅದೇ, ಕರೆಯಲೂ ಅದೇ, ಸಾಕು ಅನ್ನಲೂ ಅದೇ. 'ಬಾ' ಅಂದಾಗ ಹತ್ತಿರ ಹೋದವರನ್ನು ಅವನು ಎಡಗೈಯಲ್ಲಿ ದೂರ ತಳ್ಳುತ್ತಿದ್ದ.

ಮಾನಂತವಾಡಿಯಲ್ಲಿ ಕೈಕಾಲು ಆಡಿಸಿಕೊಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರೊಳಗೆ ಕುಂಕುಮದ ಬಣ್ಣದ, ಉಗುರಿಗಿಂತ ಒಸಿ ದೊಡ್ಡ ಜೀವಗಳು, ಪಾಚಿಯನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ತಿನ್ನುತ್ತಿದ್ದವು, ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವರ ಹಾಗೆ. ಅದನ್ನು ನೋಡುತ್ತಾ ಕೂತ ಕರಿಯಪ್ಪನ ಬಲಗೈ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಒಂದನ್ನೊಂದು ಮುಟ್ಟಿದವು. ಡಾಕ್ಟರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಳು.

"ಮನೆಯಲ್ಲೂ ಇದನ್ನು ಇಡಿ. ತಿಂಡಿ ಹಾಕುವುದು ಇವರ ಕೆಲಸ, ಬಲಗೈಯಲ್ಲೇ," ಎಂದಳು. "ಮಳೆಗಾಲ ಮುಗಿಯುವುದರೊಳಗೆ ಬೆರಳು ಹಿಡಿತಕ್ಕೆ ಬರಬೇಕು. ಬಿಟ್ಟರೆ ಸೆಟೆದುಕೊಳ್ಳುತ್ತವೆ. ಆಮೇಲೆ ನನ್ನ ಕೈಯಲ್ಲೂ ಏನೂ ಇಲ್ಲ."

ಅದನ್ನೇ ಮನೆಯಲ್ಲಿ ಚೆಲುವರಾಜು ಹೇಳಿದ. ಮುಚ್ಚಿದ ಬಾಗಿಲಿಗೆ ಹೇಳಿದ.

ಮಾರನೆಯ ದಿನದಿಂದ ಗುರುಬಸಮ್ಮ ಹಿತ್ತಿಲಲ್ಲಿ ಬಿಸಿನೀರು ಕಾಯಿಸುವ ಒಲೆಯ ಪಕ್ಕ ಮೂರು ಕಲ್ಲಿಟ್ಟು ತನ್ನ ಅನ್ನ ತಾನೇ ಬೇಯಿಸಿಕೊಂಡಳು. ಮಗನ ಜತೆ ಮಾತಿಲ್ಲ. ಸೊಸೆ ಇಂದ್ರಮ್ಮನ ಜತೆ ಮಾತಿತ್ತು, ಅದು ಇಲ್ಲದಿದ್ದರೆ ಚೆನ್ನಾಗಿತ್ತು.

"ಅತ್ತೆ, ಮಳೆ ಬತ್ತದೆ, ಒಳಗೆ ಬಂದು ಉಣ್ಣಿ."

"ಒಳಗೆ ಏನವ್ವ ಅಡುಗೆ? ಕೊಂಚು ಕರಿಯೇ, ಸೀಗಡಿ ಸಾರೇ?"

"ಹುರುಳಿ ಬಸ್ಸಾರು."

"ಸೀಗಡಿ ಇರೋ ಮನೇಲಿ ಹುರುಳಿನೂ ನಾರ್ತದೆ."

ಇಂದ್ರಮ್ಮ ಒಳಗೆ ಬಂದು ಸೆರಗನ್ನು ತಲೆಗೆ ಎಳೆದುಕೊಂಡು, ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಅತ್ತೆಯ ದನಿಯನ್ನು ಅಚ್ಚೊತ್ತಿದ ಹಾಗೆ ತೆಗೆದಳು: "ಸೀಗಡಿ ಇರೋ ಮನೇಲಿ ಹುರುಳಿನೂ ನಾರ್ತದೆ!" ಕುರ್ಚಿಯಲ್ಲಿ ಕೂತಿದ್ದ ಕರಿಯಪ್ಪನ ಎಡಗೆನ್ನೆ ಒಂದಿಷ್ಟು ಮೇಲಕ್ಕೆ ಹೋಯಿತು. ಹಿತ್ತಿಲಿಂದ, "ನಂಗೆ ಕೇಳ್ತದೆ ಕನಮ್ಮಿ," ಎಂಬ ದನಿ ಬಂತು.

ಚೆಲುವರಾಜು ತಟ್ಟೆ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದ. ಒಳಗೆ ಕೂತು ಉಂಡರೆ ಅವ್ವನಿಗೆ ಬೇಜಾರು, ಹಿತ್ತಿಲಿಗೆ ಹೋಗಿ ಉಂಡರೆ ಹೆಂಡತಿಗೆ. ಕೊನೆಗೆ ಬಾಗಿಲ ಹೊಸ್ತಿಲ ಮೇಲೆ ಕೂತು ಉಂಡ. ಮಳೆ ಹನಿ ಸಾರಿಗೆ ಬಿತ್ತು.

ಜೂನ್ ಹಿಡಿಯಿತು. ದಿನಾ ಬೆಳಿಗ್ಗೆ ಇಂದ್ರಮ್ಮ ಹರಿವೆ ಸೊಪ್ಪಿನ ಎಲೆ ಬೇಯಿಸಿ, ಚೂರು ಮಾಡಿ, ಮಾವನ ಬಲಗೈಯ ಬೆರಳ ನಡುವೆ ಇಡುತ್ತಿದ್ದಳು. ಅರ್ಧ ಗಳಿಗೆ ಹೆಣಗಿ ಅವನು ಅದನ್ನು ತೊಟ್ಟಿಯ ಮೇಲೆ ತರುತ್ತಿದ್ದ. ಬಿಡಲಿಕ್ಕೆ ಇನ್ನರ್ಧ ಗಳಿಗೆ. ಚೂರು ಬಿದ್ದ ಕೂಡಲೇ ಕೆಂಪು ಸೀಗಡಿಗಳು ನಾನು ತಾನು ಅಂತ ಬಂದು ಮುತ್ತುತ್ತಿದ್ದವು. ಒಂದು ಹೆಣ್ಣು ಹೊಟ್ಟೆಯಡಿ ಹಳದಿ ಮೊಟ್ಟೆ ಕಟ್ಟಿಕೊಂಡು ಕಾಲಲ್ಲಿ ಗಾಳಿ ಹಾಕುತ್ತಾ ನಿಧಾನಕ್ಕೆ ಬರುತ್ತಿತ್ತು, ತುಂಬಿದ ಬಸುರಿ ನೀರಿಗೆ ಬಂದ ಹಾಗೆ. ಅದು ಬರುವ ತನಕ ಕರಿಯಪ್ಪ ಎರಡನೆಯ ಚೂರು ಹಾಕುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇಂದ್ರಮ್ಮ ಪಡಿತರದ ಅಂಗಡಿಗೆ ಹೋಗಿದ್ದಳು. ಚೆಲುವರಾಜು ತನ್ನ ದಿನಸಿ ಅಂಗಡಿಯ ಬಾಗಿಲು ತೆಗೆಯಲು ಹೊರಟವನು ಕೊಡೆ ಮರೆತು ವಾಪಸು ಬಂದ. ನೋಡಿದರೆ ಅವ್ವ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

"ಏ, ಹೆಣ ತಿಂತಾ ಅದೆ ಇದು!" ಎಂದಳು, ಇಷ್ಟು ದಿನದ ಮೌನ ಮರೆತು.

"ಹೆಣ ಅಲ್ಲ ಕನವ್ವ. ಅದರ ಹಳೇ ಚಿಪ್ಪು. ಬೆಳೆದಾಗ ಕಳಚಿ ಹಾಕ್ತವೆ. ಆಮೇಲೆ ಅದನ್ನೇ ತಿಂತವೆ."

"ಹಳೇ ಅಂಗಿ ತಿನ್ನೋದೇ?"

"ನೀನು ಹಳೇ ಸೀರೇಲಿ ಕೌದಿ ಹೊಲಿಯಲ್ವಾ, ಹಂಗೆ."

"ಮೀನು ಮಾಂಸ?"

"ಸೊಪ್ಪು, ಪಾಚಿ. ನಾವು ಉಣ್ಣೋದೇ ಉಣ್ತವೆ."

ಅಷ್ಟರಲ್ಲಿ ಕರಿಯಪ್ಪ "ಬಾ" ಅಂದ. ಅವನ ಬೆರಳ ನಡುವೆ ಸೊಪ್ಪು ಇರಲಿಲ್ಲ. ಗುರುಬಸಮ್ಮ ಗಂಡನ ಮುಖ ನೋಡಿದಳು, ತಟ್ಟೆಯಲ್ಲಿದ್ದ ಹರಿವೆಯನ್ನು ನೋಡಿದಳು, ಒಂದು ಚೂರು ಹರಿದು ಅವನ ಬೆರಳಿಗೆ ಇಟ್ಟಳು. ಬೆರಳು ಹಿಡಿಯಿತು. ಕೈ ನಡುಗುತ್ತಾ ಮೇಲೆದ್ದಿತು, ತೊಟ್ಟಿಯ ಅಂಚು ದಾಟಿತು. ಮದುವೆಯಾದಂದಿನಿಂದ ಆ ಕೈ ಏನೇನು ಎತ್ತಿದ್ದನ್ನೋ ನೋಡಿದವಳು ಅವಳು, ಚೀಲ, ಮಗು, ಒಂದೊಂದು ಸಲ ಕೋಪದ ಏಟು. ಈ ಚೂರು ಸೊಪ್ಪು ಎತ್ತಿದಾಗ ಮಾತ್ರ ಸೆರಗು ಬಾಯಿಗೆ ಹೋಯಿತು.

ಅವತ್ತು ಮಧ್ಯಾಹ್ನ ಒಳಗೆ ಕೂತು ಉಂಡಳು. ಬಸ್ಸಾರಿಗೆ ಉಪ್ಪು ಕಮ್ಮಿ ಅಂದಳು. ಇಂದ್ರಮ್ಮ ಉಪ್ಪಿನ ಡಬ್ಬಿಯನ್ನು ಖುಷಿಯಲ್ಲಿ ಕುಕ್ಕಿದಳು.

ಆಮೇಲೆ ಸೀಗಡಿಗಳು ಗುರುಬಸಮ್ಮನವಾದವು. ಇನ್ನೊಬ್ಬರು ಸೊಪ್ಪು ಬೇಯಿಸುವ ಹಾಗಿಲ್ಲ. "ಬೆಂದಿಲ್ಲ ಇದು, ಹೊಟ್ಟೆ ಹಿಡ್ಕತದೆ ಅವಕ್ಕೆ." ಮೊಟ್ಟೆಯ ಹೆಣ್ಣಿಗೆ ಗಂಗಮ್ಮ ಅಂತ ಹೆಸರಿಟ್ಟಳು. ವಿಭೂತಿ ಹಚ್ಚಿಕೊಂಡ ಕೈಯನ್ನು ತೊಳೆಯದೆ ತೊಟ್ಟಿಗೆ ಹಾಕುತ್ತಿರಲಿಲ್ಲ. ಸೀಗಡಿಗೆ ಮೈಲಿಗೆ ಆದೀತು ಅಂತಲೋ, ವಿಭೂತಿಗೆ ಆದೀತು ಅಂತಲೋ, ಕೇಳುವ ಧೈರ್ಯ ಯಾರಿಗಿತ್ತು?

ಜುಲೈಯಲ್ಲಿ ಬಾವಿಯ ನೀರು ಕೆಂಪಾಯಿತು. ಪಂಚಾಯಿತಿಯವರು ಬಂದು ಬ್ಲೀಚಿಂಗ್ ಪುಡಿ ಸುರಿದು ಹೋದರು. ಚೆಲುವರಾಜು ತೊಟ್ಟಿಗಾಗಿಯೇ ಹೆಂಚಿನಿಂದ ಸುರಿದ ಮಳೆನೀರು ಹಿಡಿದು ಬಕೆಟ್ಟಿನಲ್ಲಿ ಇಟ್ಟಿದ್ದ. ಗುರುಬಸಮ್ಮ ಅದನ್ನು ನೋಡಿ ಮುಖ ಸಿಂಡರಿಸಿದಳು. ಕಾಗೆ ಕೂತ ಹೆಂಚು, ಪಾಚಿ ಕಟ್ಟಿದ ಹೆಂಚು. ಅವಳದು ಬೇರೆ ನೀರಿತ್ತು. ದಿನಾ ಸಂಜೆ ತಾಮ್ರದ ಬಿಂದಿಗೆಯನ್ನು ಹುಣಸೇಹಣ್ಣು ಹಾಕಿ ಬಂಗಾರದ ಹಾಗೆ ಉಜ್ಜಿ, ಕಾಯಿಸಿ ಆರಿಸಿದ ನೀರು ತುಂಬಿ, ಬಟ್ಟೆ ಕಟ್ಟಿ ಇಟ್ಟು, ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕುಡಿಯುತ್ತಿದ್ದ ನೀರು. ಅವಳ ಅತ್ತೆ ಕುಡಿದದ್ದು, ಗಂಡನಿಗೆ ಕುಡಿಸಿದ್ದು, ಮಗನಿಗೆ ಕಾಮಾಲೆ ಆದಾಗ ಬದುಕಿಸಿದ್ದು. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ನೀರಿರಲಿಲ್ಲ.

ದಿನಕ್ಕೊಂದು ಬಿಂದಿಗೆ ತೊಟ್ಟಿಗೆ ಹೋಯಿತು. ತಾನು ಅಷ್ಟು ದಿನ ಬಾವಿಯ ನೀರನ್ನೇ ಸೋಸಿ ಕುಡಿದಳು.

ಮೊದಲು ಗಂಗಮ್ಮ ಮಗ್ಗುಲಾಯಿತು. ಮಾರನೆಯ ದಿನ ಇನ್ನೆರಡು. ಸತ್ತವು ಒಂಥರಾ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಅದು ಬೆಂದ ಸೀಗಡಿಯ ಬಣ್ಣ ಅನ್ನುವುದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಕೋಳಿಕ್ಕೋಡಿನ ಹೋಟೆಲಿನಲ್ಲಿ ಒಂದು ಸಲ ಏನಾಗಿತ್ತು ಎಂಬುದನ್ನು ಚೆಲುವರಾಜು ಹೆಂಡತಿಗೂ ಹೇಳಿರಲಿಲ್ಲ.

"ಅಂಗಿ ಕಳಚಿದಾವೆ ಬುಡು," ಅಂದಳು ಗುರುಬಸಮ್ಮ.

"ಅಂಗಿ ಅಲ್ಲ ಕನವ್ವ."

"ಹಂಗಾದ್ರೆ ನೀರು ಸಾಲ್ದು. ಇನ್ನೊಂದು ಬಿಂದಿಗೆ ಹಾಕ್ತೀನಿ."

ಮಾನಂತವಾಡಿಯಲ್ಲಿ ಸೀಗಡಿ ಮಾರಿದವನು ದಾಮೋದರನ್. ಚೆಲುವರಾಜು ಅವನಿಗೆ ಫೋನ್ ಮಾಡಿದಾಗ ಅಡುಗೆಮನೆಯಲ್ಲಿ ಎಲ್ಲರೂ ಇದ್ದರು. ಇಂದ್ರಮ್ಮ ರೊಟ್ಟಿ ತಟ್ಟುತ್ತಿದ್ದಳು. ಗುರುಬಸಮ್ಮ ನೆಲದ ಮೇಲೆ ಕಾಲು ಚಾಚಿ ಬಿಂದಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹುಣಸೇಹಣ್ಣಲ್ಲಿ ಉಜ್ಜುತ್ತಿದ್ದಳು. "ಎಲ್ಲಾರ್ಗೂ ಕೇಳೋ ಹಂಗೆ ಹಾಕಿ, ನಾನೂ ಕೇಳ್ತೀನಿ," ಎಂದಳು ಇಂದ್ರಮ್ಮ. ಅವನು ಸ್ಪೀಕರ್ ಒತ್ತಿದ.

"ಹೊಸ ನೀರೇ ಹಾಕಿದ್ದು, ದಾಮೋದರೇಟ್ಟಾ. ಶುದ್ಧ ನೀರು," ಎಂದ ಚೆಲುವರಾಜು ಮಲಯಾಳದಲ್ಲಿ.

"ಶುದ್ಧ ಇರಲಿ. ಯಾವ ಪಾತ್ರೆಯಲ್ಲಿ ಇಟ್ಟಿದ್ದಿರಿ?" ದಾಮೋದರನ್‌ನ ದನಿ ಅಡುಗೆಮನೆಯ ತುಂಬ ಕೇಳಿಸಿತು. "ತಾಮ್ರ ಏನಾದರೂ ಮುಟ್ಟಿತೋ? ತಾಮ್ರ ಮುಟ್ಟಿದ ನೀರು ಸೀಗಡಿಗೆ ವಿಷ ಮಾರಾಯಾ. ನಮಗೆ ಒಳ್ಳೆಯದು, ಅವಕ್ಕೆ ಸಾವು. ಹುಳಿ ಹಚ್ಚಿ ತೊಳೆದ ಪಾತ್ರೆ ಅಂದರೆ ಕೇಳುವುದೇ ಬೇಡ."

ಮಲಯಾಳ ಗುರುಬಸಮ್ಮನಿಗೆ ಮಾತಾಡಲು ತೊಡರುತ್ತಿತ್ತು, ಅರ್ಥವಾಗಲು ಯಾವತ್ತೂ ತೊಡರಿರಲಿಲ್ಲ. ಉಜ್ಜುತ್ತಿದ್ದ ಕೈ ನಿಂತಿತು.

ಒಲೆಯ ಮೇಲಿನ ರೊಟ್ಟಿ ಹೊತ್ತಿತು. ಯಾರೂ ತಿರುವಿ ಹಾಕಲಿಲ್ಲ.

"ಲೈನು ಸರಿಯಿಲ್ಲ," ಎಂದ ಚೆಲುವರಾಜು ಫೋನ್ ಕತ್ತರಿಸಿ. "ಅವನು ಏನೋ ಒದರ್ತಾನೆ ಕನವ್ವ. ವ್ಯಾಪಾರದವ್ನು. ಇದು ಬ್ಲೀಚಿಂಗಿನಿಂದ ಆಗಿರೋದು."

"ಹ್ಞೂ," ಎಂದಳು ಗುರುಬಸಮ್ಮ.

"ಹೌದು ಕನತ್ತೆ, ಬ್ಲೀಚಿಂಗೇ," ಎಂದಳು ಇಂದ್ರಮ್ಮ. ಅವಳು ಅತ್ತೆಯ ಮಾತಿಗೆ ಅಷ್ಟು ಮೆದುವಾಗಿ ಉತ್ತರ ಕೊಟ್ಟಿದ್ದೇ ಎಲ್ಲವನ್ನೂ ಹೇಳಿಬಿಟ್ಟಿತು.

ಗುರುಬಸಮ್ಮ ಬಿಂದಿಗೆ ತೊಳೆದು, ಒರೆಸಿ, ಬೋರಲು ಹಾಕಿ ಅಟ್ಟದ ಮೇಲಿಟ್ಟು ಬಂದಳು. ಏಣಿ ಹತ್ತುವಾಗ ಹಿಡಿದುಕೊಳ್ಳಲು ಬಂದ ಮಗನಿಗೆ, "ಬುಡು, ಬಿದ್ರೆ ಬೀಳ್ತೀನಿ," ಅಂದಳು. ಆ ವಾರದೊಳಗೆ ತೊಟ್ಟಿ ಖಾಲಿಯಾಯಿತು.

ಚೆಲುವರಾಜು ತೊಟ್ಟಿಯನ್ನೂ ಮರಳನ್ನೂ ತೊಳೆದ. ಪಾಚಿಯನ್ನು ಎಸೆದ, ಹೆಂಚಿನ ನೀರು ತುಂಬಿಸಿದ. ಬೇರೆ ಸೀಗಡಿ ತರೋಣವೆಂದರೆ, ಲೋಡು ಕೋಳಿಕ್ಕೋಡಿನಿಂದ ಬರಬೇಕು, ಘಟ್ಟದ ಚುರದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದೆ ಎಂದ ದಾಮೋದರನ್. "ಜನಕ್ಕೇ ಅಕ್ಕಿ ಬರ್ತಿಲ್ಲ ಚೆಲುವಾ, ಸೀಗಡಿ ಎಲ್ಲಿಂದ ತರಲಿ?"

ಖಾಲಿ ತೊಟ್ಟಿಯ ಮೇಲೆ ಒಂದು ಟವೆಲು ಹೊದೆಸಿದರು.

"ಮಲಗಿದಾವೆ ಅಪ್ಪ. ಚಳಿ ಅಲ್ವಾ," ಎಂದ ಚೆಲುವರಾಜು.

"ಬಾ?" ಎಂದ ಕರಿಯಪ್ಪ.

"ಆಮೇಲೆ ಏಳ್ತವೆ."

"ಬಾ!"

ಕರಿಯಪ್ಪ ಕುರ್ಚಿಯಲ್ಲೇ ಗೋಡೆಯ ಕಡೆಗೆ ಹೊರಳಿಕೊಂಡ. ಸೊಪ್ಪಿನ ಬದಲು ಅಕ್ಕಿಕಾಳು ಕೊಟ್ಟು ಹಿಡಿಸಲು ನೋಡಿದರು, ನಾಣ್ಯ ಕೊಟ್ಟು ನೋಡಿದರು, ಸೆಟೆದ ಬೆರಳಿಗೆ ಮೆಣಸಿನ ಕಾಳು ಕೊಟ್ಟು ನೋಡಿದರು. ಎಲ್ಲ ನೆಲಕ್ಕೆ ಹೋದವು. ಊಟಕ್ಕೆ ಬಾಯಿ ತೆರೆಯುವುದೂ ನಿಂತಿತು. ರಾಗಿ ಅಂಬಲಿ ಎಡಗಡೆಯಿಂದ ಒಳಗೆ ಹೋಗಿ ಬಲಗಡೆಯಿಂದ ಹೊರಗೆ ಬರುತ್ತಿತ್ತು. ಡಾಕ್ಟರಮ್ಮ ಫೋನಿನಲ್ಲಿ, "ಬೆರಳು ಬಿಡಬೇಡಿ, ದಿನಾ ಮಾಡಿಸಿ," ಎಂದಳು. ಚೆಲುವರಾಜು ಅಪ್ಪನ ಬೆರಳನ್ನು ಹಿಡಿದು ಬಿಡಿಸಲು ಹೋದರೆ, ಎಡಗೈ ಬಂದು ಅವನ ಕೆನ್ನೆಗೆ ತಾಗಿತು. ಹೊಡೆದದ್ದೋ ತಳ್ಳಿದ್ದೋ ಅವನಿಗೆ ತಿಳಿಯಲಿಲ್ಲ. ಅಂಗಡಿಗೆ ಹೋಗಿ ದಿನವೆಲ್ಲ ಸಕ್ಕರೆಯ ಬದಲು ರವೆ ಕಟ್ಟಿಕೊಟ್ಟ.

"ಏನಾದ್ರೂ ಮಾಡಿ," ಎಂದಳು ಇಂದ್ರಮ್ಮ.

"ಏನು ಮಾಡ್ಲಿ?"

"ನಂಗೇನು ಗೊತ್ತು? ಗಂಡಸು ನೀವು."

"ಅವ್ವನ್ನ ಕೇಳು."

"ನಿಮ್ಮವ್ವ ನೀರು ಕುಡಿಯೋದೇ ಬುಟ್ಟವ್ರೆ. ಅವರನ್ನ ಏನಂತ ಕೇಳ್ಲಿ?"

ಒಂದು ಮಧ್ಯಾಹ್ನ ಮಳೆ ಒಂದಿಷ್ಟು ಬಿಟ್ಟು ಹೊಳವಾಗಿತ್ತು. ಅಂಗಡಿಗೆ ಬೀಡಿಗೆ ಬಂದ ಬೈರ ಬೆಂಕಿಪೊಟ್ಟಣ ಕೇಳಿ, ಬೀಡಿ ಹೊತ್ತಿಸಿ, ಹೊಗೆ ಬಿಟ್ಟು, ಕೊನೆಗೆ ಹೇಳಿದ: "ಚೆಲುವಣ್ಣ, ನಿಮ್ಮನೇಲಿ ಇವತ್ತು ಮೀನ್ ಕರಿಯಾ?"

"ಯಾಕ್ಲಾ?"

"ಅಮ್ಮ ಗದ್ದೆ ತೋಡಲ್ಲಿ ಮೀನು ಹಿಡೀತಾವ್ರಲ್ಲ. ವೆಳ್ಳಚ್ಚಿ ಜತೆ. ರೋಡಲ್ಲಿ ಜನ ನಿಂತು ನೋಡ್ತಾವ್ರೆ."

ಚೆಲುವರಾಜು ಗಲ್ಲಾಪೆಟ್ಟಿಗೆಯನ್ನು ತೆರೆದೇ ಬಿಟ್ಟು ಓಡಿದ.

ಗದ್ದೆಯ ಬದಿಯ ತೋಡಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಲಿಂಗದ ಕರಡಿಗೆ ಒದ್ದೆಯಾಗದಂತೆ ಕತ್ತಿನ ಹಿಂದಕ್ಕೆ ಸರಿಸಿಕೊಂಡು, ಸೀರೆಯನ್ನು ಕಚ್ಚೆ ಹಾಕಿ ನಿಂತಿದ್ದಳು ಗುರುಬಸಮ್ಮ. ಒಂದು ಹಳೇ ವಾಯಿಲ್ ಸೀರೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ವೆಳ್ಳಚ್ಚಿಯ ಕೈಯಲ್ಲಿ. ವೆಳ್ಳಚ್ಚಿ ಗದ್ದೆಯಾಚೆಯ ಹಾಡಿಯವಳು, ಸಾರಿಗೆ ಮೀನು ಬೇಕಾದಾಗ ಬಟ್ಟೆ ಬಲೆ ಹಾಕುವವಳು. ಇವತ್ತು ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ.

"ಅಮ್ಮ, ಬಗ್ಗಿ ಹಿಡೀರಿ! ಬಟ್ಟೆ ಒಣಗಿಸೋ ಹಂಗೆ ಹಿಡಿದ್ರೆ ಮೀನೆಲ್ಲ ಕೆಳಗೇ ಹೋಯ್ತವೆ."

"ಬೆನ್ನು ಬಗ್ಗಲ್ಲ ಕನೇ!"

"ಅವ್ವಾ!" ಎಂದು ಕೂಗಿದ ಚೆಲುವರಾಜು ದಡದಿಂದ. "ಏನಿದು? ಜನ ಏನಂದುಕೊಂಡಾರು?"

"ನಾನು ತಿಂತೀನಿ ಅಂದ್ಕೊಳ್ಲಿ. ಕೊಂದೋಳು ತಿಂದ್ರೇನು, ಬುಟ್ರೇನು?" ಎಂದಳು ಅವಳು ನೀರಿನಿಂದ ಕಣ್ಣೆತ್ತದೆ. "ನಿಂತು ನೋಡ್ತೀಯೋ, ಇಳೀತೀಯೋ?"

ಅವನು ಇಳಿದ. ಬೇರೇನು ಮಾಡಲು ಅವನಿಗೆ ಬರುತ್ತಿತ್ತು?

ಒಂದು ಬಕೆಟ್ ತಳದಲ್ಲಿ ಸಿಕ್ಕಿದ್ದು ಹಿಡಿಯಷ್ಟು ಸೀಗಡಿ. ಗಾಜಿನ ಹಾಗೆ, ಬಣ್ಣವೇ ಇಲ್ಲದವು. ಕಣ್ಣು ಮಾತ್ರ ಎರಡು ಕಪ್ಪು ಚುಕ್ಕೆ. ಬರುವ ದಾರಿಯಲ್ಲಿ ಚೆಕ್‌ಪೋಸ್ಟಿನವನು ಬಕೆಟ್ ಇಣುಕಿ ನೋಡಿ, "ಒಂದು ಹೊತ್ತಿನ ಕರಿಗೂ ಸಾಲದಲ್ಲೋ ಅಮ್ಮಚ್ಚೀ," ಎಂದ. ಗುರುಬಸಮ್ಮ ತಲೆ ಎತ್ತಿ ನಡೆದಳು. ಮಗ ತಲೆ ತಗ್ಗಿಸಿ ನಡೆದ.

ಮನೆಯಲ್ಲಿ ಇಂದ್ರಮ್ಮ ಬಕೆಟ್ ನೋಡಿ ಹಣೆಗೆ ಕೈ ಹಚ್ಚಿದಳು.

"ಇವು ಬೆಳ್ಳಗವೆ ಅತ್ತೆ! ಅವು ಕೆಂಪಗಿದ್ದೋ."

"ಕೆಂಪು ಎಲ್ಲಿಂದ ತರ್ಲಿ? ಕುಂಕುಮ ಬಳೀಲಾ?"

"ಮಾವನಿಗೆ ಏನು ಹೇಳೋದು?"

ಮೂವರೂ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದರು. ಚೆಲುವರಾಜು, ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದ ರೀತಿ ನೋಡಿ ಸುಮ್ಮನಾದ. ಗಂಡನ ಮುಂದೆ ಗುರುಬಸಮ್ಮನ ಬಾಯಿಂದ ಆ ಸತ್ಯ ಹೊರಡುವಂತಿರಲಿಲ್ಲ, ಅವಳ ಎದುರಿಗೆ ಬೇರೆಯವರ ಬಾಯಿಂದಲೂ ಹೊರಡುವಂತಿರಲಿಲ್ಲ.

ಕೊನೆಗೆ ತೊಟ್ಟಿಯನ್ನು ಕುರ್ಚಿಯ ಮುಂದಿಟ್ಟು, ಬಕೆಟ್ ಸುರಿದು, ಟವೆಲು ಹೊದೆಸಿ, ಇಂದ್ರಮ್ಮ ಗಂಟಲು ಸರಿಮಾಡಿಕೊಂಡು ಮಾವನನ್ನು ಕರೆದಳು.

"ಮಾವ, ಇತ್ಲಾಗಿ ನೋಡಿ. ಎದ್ದವೆ."

ಗೋಡೆಯ ಕಡೆಗಿದ್ದ ಮುಖ ತಿರುಗಲಿಲ್ಲ. ಚೆಲುವರಾಜು ಕುರ್ಚಿಯನ್ನೇ ತಿರುಗಿಸಿದ. ಇಂದ್ರಮ್ಮ ಟವೆಲು ತೆಗೆದಳು.

ಕರಿಯಪ್ಪ ನೋಡಿದ.

"ಒಸಿ ಬಣ್ಣ ಬುಟ್ಟವೆ ಮಾವ," ಎಂದಳು ಇಂದ್ರಮ್ಮ. "ಈ ಮಳೆಗೆ ನನ್ನ ಕೆಂಪು ರವಿಕೆ ಬುಡ್ಲಿಲ್ವಾ? ಹಂಗೆ."

"ಬಾ," ಎಂದ ಕರಿಯಪ್ಪ.

"ವಯಸ್ಸೂ ಆಯ್ತಲ್ಲ ಅವಕ್ಕೆ," ಎಂದಳು ಗುರುಬಸಮ್ಮ. ಜೀವನದಲ್ಲಿ ಗಂಡನಿಗೆ ಹೇಳಿದ ಮೊದಲ ದೊಡ್ಡ ಸುಳ್ಳು. "ನರೆ ಬಂದದೆ. ನಮಗೆ ಬಂದಿಲ್ವಾ?"

ಕರಿಯಪ್ಪನ ಕಣ್ಣು ತೊಟ್ಟಿಯೊಳಗೆ ನಿಧಾನಕ್ಕೆ ಸುತ್ತಿತು. ಒಂದು ಮೂಲೆಯಲ್ಲಿ, ಮೈಗಿಂತ ಉದ್ದದ ಇಕ್ಕಳದಂಥ ಕೈಯುಳ್ಳ ಒಬ್ಬ ಉಳಿದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿದ್ದ. ಇನ್ನೊಂದು ಮೂಲೆಯಲ್ಲಿ, ಯಾರೂ ಆರಿಸಿ ಎಸೆಯದ ಕಪ್ಪೆಯ ಒಂದು ಗೊದಮೊಟ್ಟೆ ಬಾಲ ಅಲ್ಲಾಡಿಸುತ್ತಾ ಗಾಜಿಗೆ ಮುತ್ತಿಡುತ್ತಿತ್ತು. ಅವನು ಎಡಗೈಯ ಬೆರಳನ್ನು ಅದರ ಮೇಲೆ ಇಟ್ಟ.

"ಬಾ?"

"ಅದು... ಅದು ಗಂಗಮ್ಮನ ಮಗು," ಎಂದಳು ಗುರುಬಸಮ್ಮ.

ಕರಿಯಪ್ಪ ಹೆಂಡತಿಯನ್ನು ನೋಡಿದ. ಒದ್ದೆ ಸೀರೆ, ಮೊಣಕಾಲ ತನಕ ಗದ್ದೆಯ ಕೆಸರು, ಕಿವಿಯ ಮೇಲೆ ಅಂಟಿದ ಹಸಿರು ಪಾಚಿ. ನೋಡುತ್ತಲೇ ಅವನ ಎಡಗೆನ್ನೆ ಮೇಲಕ್ಕೆದ್ದಿತು. ಬಲಗೆನ್ನೆ ಇದ್ದಲ್ಲೇ ಇತ್ತು. ಹೊಟ್ಟೆಯೊಳಗಿನಿಂದ ಏನೋ ಉರುಳಿಕೊಂಡು ಬಂತು. ಮೊದಲು ಕೆಮ್ಮು ಅಂದುಕೊಂಡು ಚೆಲುವರಾಜು ಬೆನ್ನು ತಟ್ಟಲು ಓಡಿದ. ಕೆಮ್ಮಲ್ಲ. ನಗು. ಅರ್ಧ ಬಾಯಿಯಲ್ಲಿ ಹೊರಡಲು ಜಾಗ ಸಾಲದೆ ಮೂಗಿನಿಂದ, ಕಣ್ಣಿನಿಂದ, ಭುಜದಿಂದ ಹೊರಟ ನಗು.

"ಗೊತ್ತಾಗೋಯ್ತು," ಎಂದಳು ಇಂದ್ರಮ್ಮ ಮೆಲ್ಲಗೆ.

"ನಗಬ್ಯಾಡ. ನಾನೇ ಕೊಂದೆ ಕನಪ್ಪ, ನಗಬ್ಯಾಡ," ಎಂದಳು ಗುರುಬಸಮ್ಮ, ಅವನ ಬಾಯಿಯ ಜೊಲ್ಲನ್ನು ಒದ್ದೆ ಸೆರಗಿನಿಂದ ಒರೆಸುತ್ತಾ. ಒರೆಸಿದಷ್ಟೂ ಅವನ ಮುಖಕ್ಕೆ ಕೆಸರು ಹತ್ತಿತು. ಅದನ್ನು ನೋಡಿ ಇಂದ್ರಮ್ಮ ಪಕ್ಕನೆ ನಕ್ಕಳು, ನಕ್ಕು ಬಾಯಿ ಮುಚ್ಚಿಕೊಂಡಳು. ಗುರುಬಸಮ್ಮನೂ ನಕ್ಕಳು, ಅದರೊಳಗೆ ಅಳುವೂ ಇತ್ತು.

ಕರಿಯಪ್ಪ ಎಡಗೈಯಿಂದ ತನ್ನ ಬಲಗೈಯನ್ನು, ಯಾರದೋ ಸಾಮಾನನ್ನು ಎತ್ತಿಡುವ ಹಾಗೆ ಮಣಿಕಟ್ಟು ಹಿಡಿದು ಎತ್ತಿ, ತೊಟ್ಟಿಯ ಅಂಚಿನ ಮೇಲೆ ಇಟ್ಟ. "ಬಾ," ಎಂದ. ಗುರುಬಸಮ್ಮ ಓಡಿಹೋಗಿ ಸೊಪ್ಪಿನ ಚೂರು ತಂದು ಅವನ ಬೆರಳ ನಡುವೆ ಸಿಕ್ಕಿಸಿದಳು. ಬೆರಳು ಹಿಡಿಯಲಿಲ್ಲ. ಚೂರು ಜಾರಿ ನೀರಿಗೆ ಬಿತ್ತು. ಇಕ್ಕಳಗೈಯವನು ಉಳಿದವರನ್ನು ತಳ್ಳಿ ಬಂದು ಅದನ್ನು ಕಿತ್ತುಕೊಂಡು ಓಡಿದ.

ಇನ್ನೊಂದು ಚೂರು ಇಟ್ಟಳು. ಅದೂ ಜಾರಿತು. ಮತ್ತೊಂದು. ಚೆಲುವರಾಜು ಅಂಬಲಿಯ ಬಟ್ಟಲು ಹಿಡಿದುಕೊಂಡು, ಕೊಡುವುದೋ ಬೇಡವೋ ತಿಳಿಯದೆ ನಿಂತಿದ್ದ. ಪ್ರತಿ ಚೂರೂ ಜಾರಿ ಬೀಳುತ್ತಿದ್ದ ಹಾಗೆ ಅವನಿಗೂ ಇಂದ್ರಮ್ಮನಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಗುರುಬಸಮ್ಮನ ನಗುವೂ ನಿಂತಿತು. ಕರಿಯಪ್ಪನದು ನಿಲ್ಲಲಿಲ್ಲ. ಸೊಪ್ಪು ಹಿಡಿಯದ ತನ್ನ ಬೆರಳನ್ನೂ, ಕೆಸರು ಮೆತ್ತಿದ ಹೆಂಡತಿಯನ್ನೂ, ಬಣ್ಣ ಬಿಟ್ಟ ಸೀಗಡಿಗಳನ್ನೂ ನೋಡಿ ನೋಡಿ, ಹೆಂಚಿನ ಮೇಲೆ ಮತ್ತೆ ಹಿಡಿದ ಮಳೆಗಿಂತ ಜೋರಾಗಿ ನಗುತ್ತಲೇ ಇದ್ದ.